ಬೀರುವಿನಲ್ಲಿ ಉಳಿದ ಲೈಸೆನ್ಸು

ಕಾರು ಬಾಗಿಲ ಹೊರಗೇ ನಿಂತಿತ್ತು. ಬಿಳಿ ಬಣ್ಣದ ಸಣ್ಣ ಕಾರು, ಮುಂದಿನ ಗಾಜಿನ ಮೇಲೆ ನಮ್ಮ ಹೆಸರಿನ ಚೀಟಿ. ಕೀಲಿ ಕೌಂಟರಿನವಳ ಕೈಯಲ್ಲಿತ್ತು. ದೇವರು ಕೊಟ್ಟರೂ ಪೂಜಾರಿ ಬಿಡ ಅಂತಾರಲ್ಲ, ಆ ಪೂಜಾರಿ ಪರದೇಶದಲ್ಲಿ ಕನ್ನಡಕ ಹಾಕಿಕೊಂಡು, ಕೊರಳಿಗೆ ನೀಲಿ ಸ್ಕಾರ್ಫು ಸುತ್ತಿಕೊಂಡು ಕೂತಿರುತ್ತಾಳೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೆ ಸುಳ್ಳು ಯಾಕೆ ಹೇಳಲಿ, ಅವತ್ತಿನ ತಪ್ಪು ಅವಳದಲ್ಲ.

ನಾವು ಡ್ರೈವಿಂಗ್ ಸ್ಕೂಲಿನವರು. ನಮ್ಮೆಜಮಾನರನ್ನು ಊರೆಲ್ಲ ಮೇಷ್ಟ್ರು ಅಂತಲೇ ಕರೆಯುವುದು. ಮೂವತ್ತೊಂದು ವರ್ಷದಿಂದ ಜನಕ್ಕೆ ಕ್ಲಚ್ಚು, ಬ್ರೇಕು ಕಲಿಸಿದ್ದಾರೆ. ಕಲಿಯುವವನು ಗಾಡಿಯನ್ನು ಮೋರಿಗೆ ಇಳಿಸಿದರೂ "ನಿಧಾನ, ನಿಧಾನ" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಬೈಯುವ ಖಾತೆ ನನ್ನದು. ಆಫೀಸಿನಲ್ಲಿ ಕೂತು ಅರ್ಜಿ ತುಂಬಿಸುವುದು, ಜೆರಾಕ್ಸ್ ತೆಗೆಯುವುದು, ಲ್ಯಾಮಿನೇಶನ್ ಮಾಡುವುದು, ಫೋಟೊ ತರದೆ ಬಂದವರನ್ನು ವಾಪಸ್ ಅಟ್ಟುವುದು, ಎಲ್ಲ ನಾನೇ. ನನಗೆ ಮಾತ್ರ ಗಾಡಿ ಬಿಡಲು ಬರುವುದಿಲ್ಲ. ದೀಪದ ಬುಡದಲ್ಲೇ ಕತ್ತಲೆ. "ಕಲಿಯೇ" ಅಂತ ಅವರು ಎಷ್ಟು ಸಲ ಹೇಳಿದರೂ "ನನಗ್ಯಾಕ್ರೀ, ನೀವಿದೀರಲ್ಲ" ಅಂದುಕೊಂಡೇ ಕಾಲ ಕಳೆದೆ.

ಲೈಸೆನ್ಸು ಕೈಗೆ ಬಂದವರಿಗೆಲ್ಲ ನಾನು ಹೇಳುತ್ತಿದ್ದ ಬುದ್ಧಿಮಾತು ಒಂದೇ. "ಒರಿಜಿನಲ್ ಬೀರುಲಿಡಿ, ಕಲರ್ ಜೆರಾಕ್ಸ್ ಜೇಬಲ್ಲಿಡಿ. ಕಳ್ಕೊಂಡ್ಮೇಲೆ ಇಲ್ಲಿ ಬಂದು ಅಳ್ಬೇಡಿ."

ವಿಮಾನ ಇಳಿದಾಗ ಬೆಳಿಗ್ಗೆ ಏಳು ಗಂಟೆ. ಮಧ್ಯಾಹ್ನ ನಾಲ್ಕರೊಳಗೆ ನಾನೂರು ಕಿಲೋಮೀಟರ್ ಆಚೆಯ ಊರಿನ ಆಸ್ಪತ್ರೆಯ ಶವಾಗಾರಕ್ಕೆ ನಾವು ಮುಟ್ಟಬೇಕಿತ್ತು. ಅಲ್ಲಿ ನನ್ನ ತಮ್ಮನಿದ್ದ.

ಅವನನ್ನು ನಾವು ಗುಂಡ ಅನ್ನುತ್ತಿದ್ದೆವು. ಹುಟ್ಟಿದಾಗ ದುಂಡಗಿದ್ದ, ಆಮೇಲೆ ಕಡ್ಡಿಯಾದರೂ ಹೆಸರು ಬಿಡಲಿಲ್ಲ. ಅಮ್ಮ ಹೋದಾಗ ಅವನಿಗೆ ಆರು ವರ್ಷ, ನನಗೆ ಹತ್ತೊಂಬತ್ತು. ಎತ್ತಿ ಆಡಿಸಿದವಳೂ ನಾನೇ, ಬಾರಿಸಿದವಳೂ ನಾನೇ. ಬಾಡಿಗೆ ಮನೆಯೊಂದರಲ್ಲಿ ಒಬ್ಬನೇ ಮಲಗಿದ್ದಲ್ಲೇ ಹೋಗಿದ್ದನಂತೆ, ಹೃದಯ ನಿಂತು. ಅವನ ಫೋನಿನಲ್ಲಿ ನಮ್ಮ ನಂಬರೇ ಇರಲಿಲ್ಲ. ಹಳೆಯ ಪಾಸ್‌ಪೋರ್ಟಿನ ವಿಳಾಸ ಹಿಡಿದು ಅಲ್ಲಿನವರು ನಮ್ಮನ್ನು ಹುಡುಕುವಷ್ಟರಲ್ಲಿ ಮೂರು ವಾರ ಕಳೆದಿತ್ತು. ವೀಸಾ ಸಿಗುವಷ್ಟರಲ್ಲಿ ಇನ್ನೂ ಎರಡು. ಎರಡು ಸಲ ಗಡುವು ಮುಂದೆ ಹಾಕಿದರು, ಮೂರನೆಯ ಸಲ ಆಗುವುದಿಲ್ಲ ಅಂದರು. ರಕ್ತಸಂಬಂಧಿ ಖುದ್ದಾಗಿ ಬಂದು, ಸಂಬಂಧದ ಮೂಲ ದಾಖಲೆ ತೋರಿಸಿ, ಸಹಿ ಹಾಕಿದರೆ ದೇಹ ಕೊಡುತ್ತಾರೆ. ಇಲ್ಲದಿದ್ದರೆ ನಾಲ್ಕು ಗಂಟೆಗೆ ವ್ಯಾನು ಬರುತ್ತದೆ. ವಾರಸುದಾರರಿಲ್ಲದವರನ್ನೆಲ್ಲ ಒಟ್ಟಿಗೆ ಸುಡುತ್ತಾರೆ, ಯಾವ ಬೂದಿ ಯಾರದೆಂದು ಗುರುತಿರುವುದಿಲ್ಲ.

ನನ್ನ ತಮ್ಮ ವಾರಸುದಾರರಿಲ್ಲದವನಾ? ನಾನು ಸತ್ತಿದ್ದೆನಾ?

ರೈಲಿನವರು ವಾರದಿಂದ ಮುಷ್ಕರ ಹೂಡಿದ್ದರು. ಅದಕ್ಕೇ ಮಗಳು ಊರಿನಿಂದಲೇ ಈ ಕಾರು ಗೊತ್ತು ಮಾಡಿದ್ದಳು. "ಅಪ್ಪ ಓಡಿಸ್ತಾರೆ, ಆರು ಗಂಟೆ ದಾರಿ, ಮೂರಕ್ಕೆಲ್ಲ ಅಲ್ಲಿರ್ತೀರಿ" ಅಂದಿದ್ದಳು. ಪರದೇಶದಲ್ಲಿ ಗಾಡಿ ಓಡಿಸಲು ಬೇಕಾದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿದ್ದೆವು. ಕೌಂಟರಿನವಳ ಇಂಗ್ಲಿಷು, ಮೇಷ್ಟ್ರ ಇಂಗ್ಲಿಷು ಸೇರಿ ಮಾತು ಹೇಗೋ ಕುಂಟಿಕೊಂಡು ನಡೆಯಿತು. ಸ್ಕಾರ್ಫಿನವಳು ಪಾಸ್‌ಪೋರ್ಟು ನೋಡಿದಳು, ಪರ್ಮಿಟ್ಟಿನ ಪುಸ್ತಕ ನೋಡಿದಳು, ಕಾರ್ಡು ಉಜ್ಜಿದಳು. ಕೀಲಿಯನ್ನು ಡ್ರಾಯರಿನಿಂದ ತೆಗೆದೂ ಆಯಿತು. ಆಮೇಲೆ ಲೈಸೆನ್ಸು ಕೇಳಿದಳು.

ಮೇಷ್ಟ್ರು ಪರ್ಸಿನಿಂದ ತೆಗೆದು ಠೀವಿಯಿಂದ ಕೊಟ್ಟರು. ಅವಳು ಅದನ್ನು ಬೆಳಕಿಗೆ ಹಿಡಿದಳು. ತುಸು ಬಗ್ಗಿಸಿದಳು.

"ಸರ್, ಇದು ಫೋಟೊಕಾಪಿ. ಒರಿಜಿನಲ್ ಕೊಡಿ."

"ಇದೇ ಒರಿಜಿನಲ್ಲು ಮೇಡಂ."

"ಅಲ್ಲ ಸರ್."

ಮೇಷ್ಟ್ರ ಮುಖ ಕೆಂಪಾಯಿತು. ಮೂವತ್ತೊಂದು ವರ್ಷದಲ್ಲಿ ನಾನು ಅವರ ದನಿ ಏರಿದ್ದು ಕೇಳಿದ್ದು ಅವತ್ತೇ. "ನೋಡಿ ಮೇಡಂ, ಸಾವಿರಾರು ಜನಕ್ಕೆ ಗಾಡಿ ಕಲ್ಸಿದೀನಿ ನಾನು. ಒಂದು ಫೈನ್ ಕಟ್ಟಿದೋನಲ್ಲ. ನಾನು ನಕಲಿ ತೋರಿಸ್ತೀನಾ? ಸರಿಯಾಗಿ ನೋಡಿ!"

"ರೀ..." ಅಂದೆ.

"ನೀನು ಸುಮ್ನಿರೆ. ಇದು ಮರ್ಯಾದೆ ಪ್ರಶ್ನೆ."

ಅವಳು ಉಗುರಿನಿಂದ ಒಂದು ಮೂಲೆ ಕೆರೆದಳು. ಪ್ಲಾಸ್ಟಿಕ್ ಪದರ ಎದ್ದು, ಒಳಗಿನಿಂದ ಬಿಳಿ ಕಾಗದದ ಅಂಚು ಇಣುಕಿತು. ಮೇಷ್ಟ್ರು ಅದನ್ನು ನೋಡಿದರು. ನನ್ನ ಕೈಕೆಲಸ ಅವರಿಗೆ ಗೊತ್ತಾಗದೆ ಇರುತ್ತದೆಯೇ? ಅಷ್ಟು ಅಚ್ಚುಕಟ್ಟಾಗಿ ಅಂಚು ಕತ್ತರಿಸುವವರು ನಮ್ಮೂರಿನಲ್ಲಿ ಇನ್ನೊಬ್ಬರಿಲ್ಲ.

"ರೀ, ಅದು ಜೆರಾಕ್ಸೇ. ಹೊರಡೋ ಹಿಂದಿನ ದಿನ ನಾನೇ ಬದಲಾಯಿಸ್ದೆ. ಪರದೇಶ, ಎಲ್ಲಾದ್ರೂ ಪರ್ಸ್ ಹೊಡೆದ್ರೆ ಅಂತ... ಒರಿಜಿನಲ್ ಬೀರುಲಿದೆ."

ಅವರು ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಕಪಾಳಕ್ಕೆ ಬಿಟ್ಟಿದ್ದರೂ ತಡೆದುಕೊಳ್ಳುತ್ತಿದ್ದೆ. ಅವರು ಕೌಂಟರಿನವಳ ಕಡೆ ತಿರುಗಿ, "ಸಾರಿ ಮೇಡಂ, ನಿಮ್ಮ ಮೇಲೆ ಕೂಗಾಡ್ಬಿಟ್ಟೆ" ಅಂದರು.

ಪರ್ಮಿಟ್ಟಿನ ಪುಸ್ತಕದ ಹಿಂಬದಿಯಲ್ಲೇ ಅಚ್ಚು ಹಾಕಿದ್ದಾರೆ, ಮೂಲ ಲೈಸೆನ್ಸು ಜೊತೆಗಿಲ್ಲದೆ ಇದು ಸಲ್ಲುವುದಿಲ್ಲ ಅಂತ. ಆ ಅರ್ಜಿಯನ್ನು ನಾನು ಎಷ್ಟು ಜನಕ್ಕೆ ತುಂಬಿಸಿಲ್ಲ! ಓದಿದವಳು ನಾನು, ಮರೆತವಳೂ ನಾನು.

ಮಗಳಿಗೆ ಫೋನ್ ಮಾಡಿದೆ. ಬೀರುವಿನ ಕೀಲಿಗೊಂಚಲು ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು, ಅದೂ ಕಳೆಯಬಾರದೆಂದು ತಂದಿದ್ದೆ. ಅವಳು ಬೀಗ ಒಡೆಸಿದಳು. ಇಪ್ಪತ್ತು ನಿಮಿಷದಲ್ಲಿ ಲೈಸೆನ್ಸಿನ ಫೋಟೊ ಬಂತು, ಮುಂದೊಂದು, ಹಿಂದೊಂದು. ಫೋನನ್ನು ಕೌಂಟರಿನ ಮೇಲಿಟ್ಟು ಕೈ ಮುಗಿದೆ. ತಮ್ಮ ಸತ್ತಿದ್ದು, ನಾಲ್ಕು ಗಂಟೆಯ ವ್ಯಾನು, ಬೂದಿ, ಎಲ್ಲ ಹೇಳಿದೆ. ಅರ್ಧ ಕನ್ನಡದಲ್ಲೇ ಹೇಳಿದೆನೋ ಏನೋ. ಸ್ಕಾರ್ಫಿನವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ತನ್ನ ಮೇಲಿನವರಿಗೆ ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದಳು. ಆಮೇಲೆ ಕೀಲಿಯನ್ನು ವಾಪಸ್ ಡ್ರಾಯರಿಗೆ ಹಾಕಿದಳು.

"ಇನ್ಶೂರೆನ್ಸ್ ಒಪ್ಪಲ್ಲ ಅಮ್ಮ. ದಾರಿಲಿ ಪೊಲೀಸ್ರು ನಿಲ್ಲಿಸಿದ್ರೆ ಸರ್‌ನ ಒಳಗೆ ಹಾಕ್ತಾರೆ. ಫೋಟೊನೂ ನಕಲೇ ಅಲ್ವಾ?"

ಇದೇ ಮಾತನ್ನು ನಾನು ನನ್ನ ಟೇಬಲ್ಲಿನ ಹಿಂದೆ ಕೂತು ಎಷ್ಟು ಜನಕ್ಕೆ ಹೇಳಿದ್ದೇನೆ! "ಫೋಟೊ ತೋರಿಸಿದ್ರೆ ನಡೆಯಲ್ಲಪ್ಪ, ಒರಿಜಿನಲ್ ತಾ." ಅವಳು ಕೆಟ್ಟವಳಾಗಿದ್ದರೆ ಶಾಪ ಹಾಕಿಯಾದರೂ ಹಗುರಾಗಬಹುದಿತ್ತು.

ಪಕ್ಕದಲ್ಲೇ ಬಾಡಿಗೆ ಕಾರಿನವರ ಇನ್ನೂ ಮೂರು ಕೌಂಟರುಗಳಿದ್ದವು. ಎಲ್ಲರದೂ ಒಂದೇ ಪಾಠ. ಟ್ಯಾಕ್ಸಿಯವರ ಸಾಲಿನಲ್ಲಿ ಒಬ್ಬೊಬ್ಬರನ್ನೇ ಕೇಳಿದೆವು. ಊರ ಗಡಿ ದಾಟಲು ಪರವಾನಗಿ ಇಲ್ಲವೆಂದು ಎಲ್ಲರೂ ತಲೆಯಾಡಿಸಿದರು. "ಬಾ, ಬಸ್ ನೋಡೋಣ" ಅಂದರು ಮೇಷ್ಟ್ರು. ಎರಡೂ ಪೆಟ್ಟಿಗೆ ಅವರೇ ಎಳೆದರು. ಬೆಳಗಿನ ಬಸ್ಸು ಎಂಟಕ್ಕೇ ಹೋಗಿತ್ತು. ಮುಂದಿನದು ಹನ್ನೆರಡೂವರೆಗೆ, ತಲುಪುವುದು ಏಳಕ್ಕೆ. ನಾಲ್ಕು ಗಂಟೆಗೆ ಅರ್ಧ ದಾರಿಯಲ್ಲಿರುತ್ತೇವೆಂದು ಗೊತ್ತಿದ್ದೂ ಹತ್ತಿದೆವು.

ಬಸ್ಸಿನಲ್ಲಿ ಮೇಷ್ಟ್ರು ಡ್ರೈವರಿನ ಕೈಯನ್ನೇ ನೋಡುತ್ತ ಕೂತರು. ನಾನು ಮಡಿಲಲ್ಲಿ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡಿದ್ದೆ. ಅದರಲ್ಲಿ ಗುಂಡನ ಮಾರ್ಕ್ಸ್ ಕಾರ್ಡು, ಅವನ ವೆಲ್ಡಿಂಗ್ ತರಬೇತಿಯ ಸರ್ಟಿಫಿಕೇಟು, ನನ್ನ ಮಾರ್ಕ್ಸ್ ಕಾರ್ಡು. ಇಬ್ಬರದರಲ್ಲೂ ತಂದೆಯ ಹೆಸರು ಒಂದೇ, ಅದೇ ಸಂಬಂಧದ ಸಾಕ್ಷಿ. ಇವೆಲ್ಲ ಅಪ್ಪಟ ಒರಿಜಿನಲ್ಲು.

ಹನ್ನೆರಡು ವರ್ಷದ ಹಿಂದೆ ಈ ದೇಶಕ್ಕೆ ಹೊರಟಾಗ ಅವನು ಇದೇ ಸರ್ಟಿಫಿಕೇಟು ಕೇಳಿದ್ದ. "ಅಕ್ಕಾ, ವೆಲ್ಡರ್ ಕೆಲಸ, ಒಳ್ಳೆ ಕಂಪನಿ. ಒರಿಜಿನಲ್ ತೋರಿಸ್ಬೇಕಂತೆ, ಕೊಡೆ." ನಾನು ಕೊಡಲಿಲ್ಲ. ಏಜೆಂಟರು ಕಾಗದ ಕಿತ್ತುಕೊಂಡು ಜನರನ್ನು ಹಗ್ಗ ಹಾಕಿದ ಎತ್ತಿನ ಹಾಗೆ ಆಡಿಸುತ್ತಾರೆಂದು ಕೇಳಿದ್ದೆ. ನಿಜ ಹೇಳುತ್ತೇನೆ, ಒರಿಜಿನಲ್ ನನ್ನ ಹತ್ತಿರವಿದ್ದರೆ ಅವನು ವಾಪಸ್ ಬಂದೇ ಬರುತ್ತಾನೆ ಅನ್ನುವ ಆಸೆಯೂ ಇತ್ತು. ಮೂರು ಸೆಟ್ ಜೆರಾಕ್ಸ್ ತೆಗೆದು, ಸೀಲು ಹೊಡೆಸಿ ಕೊಟ್ಟೆ. ಅವನು ಅದನ್ನೇ ತೆಗೆದುಕೊಂಡು ಹೋದ.

ಒಂದು ವರ್ಷ ಆದ ಮೇಲೆ ಫೋನ್ ಮಾಡಿದ್ದ. "ನಕಲು ಅಂತ ವೆಲ್ಡರ್ ಮಾಡ್ಕೊಳ್ಲಿಲ್ಲ ಅಕ್ಕ, ಕಬ್ಬಿಣ ಹೊರೋಕೆ ಹಾಕಿದಾರೆ. ಕಳಿಸಿಕೊಡೆ."

"ಪೋಸ್ಟಲ್ಲಿ ಕಳೆದುಹೋದ್ರೆ? ನೀನೇ ಬಂದು ತಗೊಂಡ್ ಹೋಗೋ."

"ರಜಾನೇ ಕೊಡಲ್ಲ, ಹೇಗ್ ಬರ್ಲಿ?"

"ಹಾಗಾದ್ರೆ ಇರ್ಲಿ ಬಿಡು, ಇಲ್ಲಿ ಭದ್ರವಾಗಿರುತ್ತೆ."

"ನಿಂಗೆ ನನಗಿಂತ ಆ ಕಾಗದಾನೇ ಹೆಚ್ಚಾಯ್ತು ಅಕ್ಕ" ಅಂದ. ಅದೇ ಕೊನೆ. ನನಗೂ ಸಿಟ್ಟು ಬಂತು. ಸಾಕಿದವಳಿಗೇ ಹೀಗಂತೀಯಾ, ಮಾಡು ನೀನೇ ಫೋನು, ನೋಡೋಣ ಅಂತ ಬಿಗಿದುಕೊಂಡು ಕೂತೆ. ಅವನೂ ನನ್ನ ತಮ್ಮನೇ ತಾನೆ, ಅವನೂ ಬಿಗಿದುಕೊಂಡೇ ಕೂತ. ಹನ್ನೊಂದು ವರ್ಷ ಹಾಗೇ ಹೋಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ಕೆಟ್ಟ ಮೇಲೂ ಬರಲಿಲ್ಲ. ಬಂದಿದ್ದರೆ ಮೇಷ್ಟ್ರ ಲೈಸೆನ್ಸು ಅವರ ಜೇಬಿನಲ್ಲೇ ಇರುತ್ತಿತ್ತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಶವಾಗಾರದ ಗುಮಾಸ್ತೆ ಫೋನ್ ಮಾಡಿದಳು. ಎಲ್ಲಿದ್ದೀರಿ ಅಂತ ಕೇಳಿದಳು. ಮೇಷ್ಟ್ರು ಇದ್ದದ್ದು ಇದ್ದ ಹಾಗೆ ಹೇಳಿದರು. ನಾನು ಫೋನು ಕಿತ್ತುಕೊಂಡು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬೇಡಿದೆ. "ಮೂರು ಗಂಟೆ ತಡ್ಕೊಳ್ಳಿ ಅಮ್ಮ, ನಿಮ್ ದಮ್ಮಯ್ಯ. ದಾಖಲೆ ಎಲ್ಲ ಇದೆ. ಬೇಕಾದ್ರೆ ಈಗ್ಲೇ ಫೋಟೊ ತೆಗ್ದು ಕಳಿಸ್ತೀನಿ."

"ಫೋಟೊ ನಡೆಯಲ್ಲ ಅಮ್ಮ, ಒರಿಜಿನಲ್ ನೋಡೇ ಕೊಡ್ಬೇಕು ಅಂತ ಕಾನೂನು. ಈ ವ್ಯಾನ್ ಹತ್ತು ದಿನಕ್ಕೊಂದ್ಸಲ ಬರೋದು. ಬಾಗಿಲಲ್ಲಿ ನಿಂತಿದೆ." ಆಮೇಲೆ ದನಿ ತಗ್ಗಿಸಿದಳು. "ನನ್ನ ಕೈಲಾಗೋದು ಒಂದೇ. ಮುಖದ ಫೋಟೊ ಕಳಿಸ್ತೀನಿ. ನೋಡ್ಬಿಡಿ."

ಬಂತು. ಕೂದಲು ಅರ್ಧ ಬೆಳ್ಳಗಾಗಿತ್ತು. ಕೆನ್ನೆ ಒಳಗೆ ಹೋಗಿತ್ತು. ಎಡಹುಬ್ಬಿನ ಮೇಲೆ ಗಾಯದ ಕಲೆ, ಏಳು ವರ್ಷದವನಿದ್ದಾಗ ನಾನು ಅಟ್ಟಿಸಿಕೊಂಡು ಹೋದಾಗ ಬಾಗಿಲಿಗೆ ಬಡಿದುಕೊಂಡದ್ದು. ಅವತ್ತು ಅವನು ಅತ್ತದ್ದಕ್ಕಿಂತ ಹೆಚ್ಚು ನಾನೇ ಅತ್ತಿದ್ದೆ.

"ನಿಮ್ಮ ತಮ್ಮನೇನಾ?" ಅಂತ ಕೇಳಿದಳು.

"ಹೂಂ. ನನ್ನ ಗುಂಡಾನೇ."

"ಅಕ್ಕ ಗುರುತು ಹಿಡಿದ್ರು ಅಂತ ಹೆಸರಿನ ಮುಂದೆ ಬರ್ಕೊಂಡಿರ್ತೀನಿ. ಆದ್ರೆ ರಿಜಿಸ್ಟರಲ್ಲಿ ವಾರಸುದಾರರಿಲ್ಲ ಅಂತಲೇ ಇರುತ್ತೆ ಅಮ್ಮ. ಸಹಿ ಇಲ್ವಲ್ಲ."

ಫೋನು ಇಟ್ಟಳು. ಮೇಷ್ಟ್ರು ಆ ಚಿತ್ರವನ್ನು ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದರು. ನನ್ನನ್ನು ಸಮಾಧಾನ ಮಾಡಲು ಏನಾದರೂ ಹೇಳಬೇಕೆಂದು ಹೇಳಿದರು. ಪಾಪ, ಬೇರೆ ಏನು ಹೊಳೆಯುತ್ತದೆ ಅವರಿಗೆ? "ಅಳ್ಬೇಡ್ವೇ. ಊರಿಗೆ ಹೋದ್ಮೇಲೆ ನಮ್ಮ ಮೆಷಿನ್ನಲ್ಲೇ ದೊಡ್ಡದಾಗಿ ಕಲರ್ ಪ್ರಿಂಟ್ ತೆಗೆಯೋಣ."

ನಾನು ಬಾಯಿ ಬಡಿದುಕೊಂಡು ಅತ್ತೆ. ಮುಂದಿನ ಸೀಟಿನವರು ತಿರುಗಿ ನೋಡಿದರು, ಡ್ರೈವರು ಕನ್ನಡಿಯಲ್ಲಿ ನೋಡಿದ. ಯಾರಿಗೂ ನನ್ನ ಭಾಷೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಹೇಳುವಂಥದ್ದಿರಲಿಲ್ಲ. ಅತ್ತು ಸಾಕಾದ ಮೇಲೆ ಫೈಲಿನಿಂದ ಅವನ ಸರ್ಟಿಫಿಕೇಟು ಹೊರಗೆ ತೆಗೆದೆ. ಮೂಲೆಯ ಫೋಟೊದಲ್ಲಿ ಹತ್ತೊಂಬತ್ತು ವರ್ಷದ ಗುಂಡ, ಅಂಗಿಯ ಕೊರಳ ಮೇಲೆ ಅರ್ಧ ಸೀಲು. ಇಷ್ಟು ವರ್ಷದಲ್ಲಿ ಅದಕ್ಕೆ ಒಂದು ಮಡಿಕೆ ಬಿದ್ದಿರಲಿಲ್ಲ, ಒಂದು ಕಲೆ ಆಗಿರಲಿಲ್ಲ. ಅಷ್ಟು ಚೆನ್ನಾಗಿ ಕಾಪಾಡಿದ್ದೆ.

ತಲುಪಲು ಇನ್ನೂ ಮೂರು ಗಂಟೆ ಇತ್ತು. ಅಲ್ಲಿಗೆ ಹೋಗಿ ಮಾಡುವುದೇನೂ ಇರಲಿಲ್ಲ. ಇಳಿಯೋಣವೇ ಅಂತ ಮೇಷ್ಟ್ರು ಕೇಳಲಿಲ್ಲ, ನಾನೂ ಹೇಳಲಿಲ್ಲ.