ಹದಿನೇಳನೇ ಗೆರೆ

ಸೂಟ್‌ಕೇಸು ಇಪ್ಪತ್ತಾರೂವರೆ ಕೆ.ಜಿ. ತೂಗಿತು. ಹುಳುಮನೆಯ ಜಗಲಿಯ ತೊಲೆಗೆ ರೇಷ್ಮೆಗೂಡು ತೂಗುವ ಕೊಕ್ಕೆ ತಕ್ಕಡಿ ಕಟ್ಟಿ, ಅದಕ್ಕೆ ಹೊಸ ಕೆಂಪು ಸೂಟ್‌ಕೇಸು ನೇತುಹಾಕಿ, ಮುಳ್ಳು ಅಲ್ಲಾಡುವುದು ನಿಲ್ಲಲಿ ಎಂದು ಚಂದ್ರಮೋಹನ್ ಕಾಯುತ್ತಿದ್ದ. ವಿಮಾನದವರು ಬಿಡುವುದು ಇಪ್ಪತ್ಮೂರು.

"ಏನಮ್ಮ ತುಂಬಿದ್ದೀಯ ಇದ್ರಲ್ಲಿ?"

"ನಾನೇನ್ ತುಂಬ್ತೀನಿ, ಹತ್ತು ದಿನದ ಊಟ ಅಷ್ಟೆ," ಎಂದಳು ತಾಯಿ ಅಕ್ಕಯಮ್ಮ.

ಹತ್ತು ದಿನದ ಊಟವೆಂದರೆ ಮೂರು ಸೇರು ರಾಗಿ ಹುರಿಹಿಟ್ಟು, ಹುರುಳಿ ಚಟ್ನಿಪುಡಿ, ನಿಪ್ಪಟ್ಟು, ಮಾವಿನ ಉಪ್ಪಿನಕಾಯಿ, ಎರಡು ಕೆ.ಜಿ. ಹಿಡಿಯುವ ತುಪ್ಪದ ಡಬ್ಬಿ. ಹಾಲಿನಿಂದ ಮಾಡಿದ್ದು ಯಾವುದೂ ಬೇಡ, ಸೊಪ್ಪು, ಬೀಜ, ಜೀವ ಇರುವಂಥದ್ದು ಮೊದಲೇ ಬೇಡ ಎಂದು ರೇಷ್ಮೆ ಇಲಾಖೆಯ ಗಂಗಾಧರ್ ಎರಡು ಸಲ ಹೇಳಿದ್ದರು. ಚಂದ್ರಮೋಹನ್ ತುಪ್ಪದ ಡಬ್ಬಿ ತೆಗೆದು ಪಕ್ಕಕ್ಕಿಟ್ಟ. ಅವನ ತಾಯಿ ಅದನ್ನೇ ಸ್ವಲ್ಪ ಹೊತ್ತು ನೋಡಿ, "ತುಪ್ಪ ಇಲ್ದೆ ಹುರಿಹಿಟ್ಟು ಗಂಟಲಲ್ಲಿ ಇಳೀತದೇನೋ?" ಎಂದಳು. ಕೆಳಗೆ ಇನ್ನೂ ಎರಡು ರೇಷ್ಮೆ ಸೀರೆ, ಐದು ನೂಲಿನ ಸೀರೆ, ಒಂದು ದಪ್ಪ ಸ್ವೆಟರು ಇದ್ದವು. ಆಗಸ್ಟಿನಲ್ಲಿ ಇಟಲಿ ನಮಗಿಂತ ಬಿಸಿ ಎಂದು ಎಷ್ಟು ಹೇಳಿದರೂ, ಫಾರಿನ್ನು ಎಂದ ಮೇಲೆ ಚಳಿ ಇರಲೇಬೇಕು ಎಂಬುದು ಅವಳ ತೀರ್ಮಾನ. ನಲವತ್ತು ವರ್ಷ ಹುಳು ಮೇಯಿಸಿದವಳ ಬಳಿ ಇದ್ದ ರೇಷ್ಮೆ ಸೀರೆ ಆ ಎರಡೇ.

ಕುರುಡುಮಲೆಗೆ ಹೋಗುವ ರಸ್ತೆಯಿಂದ ಒಳಕ್ಕೆ ಸರಿದ ಆ ಊರಿನಿಂದ ಇಟಲಿಗೆ ಹೊರಟವರಲ್ಲಿ ಅವಳೇ ಮೊದಲಿನವಳು. ಅಲ್ಲಿ ಉತ್ತರದ ಕಡೆ ಒಂದು ಊರಿನವರು, ತಮ್ಮ ಅಜ್ಜಂದಿರು ಕೈಬಿಟ್ಟಿದ್ದ ರೇಷ್ಮೆಯನ್ನು ಮತ್ತೆ ಶುರು ಮಾಡಬೇಕೆಂದು, ಯಂತ್ರವಿಲ್ಲದೆ ಕೈಯಲ್ಲೇ ಕೆಲಸ ಬಲ್ಲ ರೈತರನ್ನು ನಾಲ್ಕು ದೇಶಗಳಿಂದ ಕರೆಸುತ್ತಿದ್ದರು. ಇಲಾಖೆಯವರು ಅಕ್ಕಯಮ್ಮನ ಹೆಸರು ಬರೆದರು. ಕೋಲಾರದಲ್ಲಿ ಪಾಸ್‌ಪೋರ್ಟು, ಬೆಂಗಳೂರಿನಲ್ಲಿ ವೀಸಾ, ಹತ್ತು ಬೆರಳಿನ ಗುರುತು, ಆರೋಗ್ಯದ ಇನ್ಶೂರೆನ್ಸು ಎಲ್ಲಕ್ಕೂ ಅವಳು ಮಗನ ಹಿಂದೆ ಓಡಾಡಿದಳು. ಹುಟ್ಟಿದ ತಾರೀಕು ಕೇಳಿದವರಿಗೆಲ್ಲ ಆಧಾರ್ ಕಾರ್ಡು ತೋರಿಸಿ, "ಅದ್ರಾಗೆ ಇರೋದೇ ನಿಜ ಅಂದ್ಕೊಳ್ಳಿ," ಎಂದಳು.

ಹೋಗಲು ಎರಡು ತಂಡಗಳಿದ್ದವು. ಮೊದಲನೆಯದು ಜುಲೈನಲ್ಲಿ, ಆಷಾಢ ಎಂದು ಅಕ್ಕಯಮ್ಮ ಬೇಡವೆಂದಳು. ಎರಡನೆಯದು ಆಗಸ್ಟ್ ಹದಿನಾಲ್ಕು, ಶ್ರಾವಣ, ಗುರುವಾರ. ಚಂದ್ರಮೋಹನ್ ಅರ್ಚಕರನ್ನು ಕೇಳಿದ, ಅರ್ಚಕರು ಪಂಚಾಂಗ ನೋಡಿದರು, ತಿಥಿ ನಕ್ಷತ್ರ ಎಲ್ಲ ಸರಿಯಿದ್ದವು, ಒಂದೂವರೆಗೆ ರಾಹುಕಾಲ ಶುರುವಾಗುವ ಮೊದಲು ಮನೆ ಬಿಟ್ಟರಾಯಿತು ಎಂದರು. ಟಿಕೆಟ್ಟು ಆಯಿತು. ಇಷ್ಟೆಲ್ಲ ನೋಡಿದವರು ಹಿಪ್ಪುನೇರಳೆ ತೋಟ ನೋಡಲಿಲ್ಲ. ಸೊಪ್ಪು ಎಷ್ಟು ದಿನಕ್ಕೆ ಬಲಿಯುತ್ತದೆ, ಹುಳು ಯಾವಾಗ ತರಬೇಕಾಗುತ್ತದೆ ಎಂಬುದನ್ನು ಮನೆಯವರೆಲ್ಲ ಕಣ್ಣು ಮುಚ್ಚಿ ಹೇಳಬಲ್ಲರು. ಆದ್ದರಿಂದಲೇ ಯಾರೂ ಅದನ್ನು ಕೂತು ಲೆಕ್ಕ ಹಾಕಿರಲಿಲ್ಲ.

ಲೆಕ್ಕ ಹಾಕಿದವಳು ಸೊಸೆ ಸುನಂದ, ಅದೂ ಸೂಟ್‌ಕೇಸು ತೂಗುತ್ತಿದ್ದಾಗ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ದಿನ ಹುಳು ತಲೆಯೆತ್ತಿ ಅಲ್ಲಾಡದೆ ಇರುತ್ತದೆ, ಸೊಪ್ಪು ಹಾಕುವಂತಿಲ್ಲ, ಮನೆಯವರಿಗೂ ಬಿಡುವು. ಅವಳು ಬಾಗಿಲಲ್ಲಿ ನಿಂತು ಗೋಡೆ ನೋಡಿದಳು. ಹುಳು ಮನೆಗೆ ಬಂದ ದಿನದಿಂದ ದಿನಕ್ಕೊಂದರಂತೆ ಅಕ್ಕಯಮ್ಮ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಒಂಬತ್ತು ಗೆರೆ ಇದ್ದವು.

"ಅತ್ತೆ, ನಾಳೆ ಜ್ವರದಿಂದ ಏಳ್ತವೆ. ಅಲ್ಲಿಂದ ಏಳು ದಿನ, ಇಲ್ಲ ಎಂಟು. ಹುಳ ಹಣ್ಣಾಗೋ ದಿನಾನೇ ನಿಮ್ಮ ವಿಮಾನ."

ಚಂದ್ರಮೋಹನ್ ಫೋನು ತೆಗೆದು ತಾರೀಕು ನೋಡಿದ. ಅಕ್ಕಯಮ್ಮ ಬೆರಳು ಮಡಿಸಿ ಎಣಿಸಿದಳು, ಮತ್ತೆ ಎಣಿಸಿದಳು.

"ಹಂಗಾದ್ರೆ ನಾನು ಹೋಗಲ್ಲ," ಎಂದಳು.

"ಟಿಕೆಟ್ ಮುಂದಕ್ಕೆ ಹಾಕೋಕಾಗಲ್ಲಮ್ಮ. ಎಲ್ಲಾ ಒಟ್ಟಿಗೆ ಮಾಡಿರೋದು."

"ಹುಳಾನೂ ಮುಂದಕ್ಕೆ ಹಾಕೋಕಾಗಲ್ಲ ಕಣೋ. ಹಣ್ಣಾಗಿದ್ದು ಯಾರು ನೋಡ್ತಾರೆ?"

ಸುನಂದ ಅಲ್ಲೇ ನಿಂತಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಸೊಪ್ಪು ಕೊಯ್ದು, ಕಸ ತೆಗೆದು, ಬ್ಲೀಚಿಂಗ್ ಪುಡಿಯಲ್ಲಿ ಕೈ ಸುಟ್ಟುಕೊಂಡಿದ್ದಳು. ಆದರೆ ಹುಳು ನೂಲು ಬಿಡುವಷ್ಟು ಹಣ್ಣಾಯಿತು, ಚಂದ್ರಿಕೆಗೆ ಬಿಡಿ ಎಂಬ ಮಾತು ಆ ಮನೆಯಲ್ಲಿ ಅತ್ತೆಯ ಬಾಯಿಂದಲೇ ಬರಬೇಕು. ಒಂದು ಹುಳುವನ್ನು ಬೆಳಕಿಗೆ ಹಿಡಿದು, ಗಂಟಲ ಹತ್ತಿರ ಗಾಜಿನಂತೆ ತಿಳಿಯಾಗಿದೆಯೇ ನೋಡಿ, ಅವಳು ಹೂಂ ಅಂದ ಮೇಲೆಯೇ ಆಳುಗಳು ಹುಳು ಆಯ್ದು, ಗೂಡು ಕಟ್ಟುವ ಚಂದ್ರಿಕೆಗಳ ಮೇಲೆ ಬಿಡುತ್ತಿದ್ದರು. ಒಂದು ದಿನ ಮೊದಲೇ ಬಿಟ್ಟರೆ ಹುಳು ಅಲೆದಾಡಿ ಸುಸ್ತಾಗಿ ಗೂಡು ತೆಳ್ಳಗಾಗುತ್ತದೆ. ತಡವಾದರೆ ನೂಲನ್ನು ಸೊಪ್ಪಿನ ಮೇಲೆಯೇ ಕಕ್ಕಿಬಿಡುತ್ತದೆ. ಒಂದು ತಿಂಗಳ ದುಡಿಮೆ ಆ ಒಂದು ಹೂಂ ಮೇಲೆ ನಿಂತಿರುತ್ತಿತ್ತು.

"ಸರ್ಲೇ," ಎಂದಳು ಅಕ್ಕಯಮ್ಮ ಕೊನೆಗೆ. "ಚನ್ನರಾಯಪ್ಪ ಭಾವನಿಗೆ ಹೇಳ್ತೀನಿ. ಅವರು ಬಂದು ನೋಡ್ತಾರೆ."

ಚನ್ನರಾಯಪ್ಪ ಪಕ್ಕದ ಬೀದಿಯ ದಾಯಾದಿ. ಹುಳು ಸಾಕುವುದು ಬಿಟ್ಟು ಎಂಟು ವರ್ಷವಾಗಿ ಟೊಮೆಟೊ ಹಾಕಿಕೊಂಡಿದ್ದ. ಸುನಂದ ಒಳಗೆ ಹೋದಳು. ಅವಳಿಗೆ ಕೋಪ ಬಂದಿತ್ತು, ಕೋಪಕ್ಕಿಂತ ಹೆಚ್ಚಾಗಿ ಅವಮಾನವಾಗಿತ್ತು. ಯಾಕೆಂದರೆ ಅತ್ತೆಗೆ ಕಣ್ಣು ಕಾಣುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಪೂರ್ತಿ ಕಾಣುವುದಿಲ್ಲವೆಂದಲ್ಲ. ದಾರಿ ಕಾಣುತ್ತಿತ್ತು, ಬಸ್ಸು ಕಾಣುತ್ತಿತ್ತು. ಆದರೆ ಎರಡು ಬೆಳೆಯಿಂದ ಗೋಡೆಯ ಮೇಲಿನ ಗೆರೆಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತಿದ್ದವು. ಮಾರ್ಚಿನ ಬೆಳೆಯಲ್ಲಿ ಅತ್ತೆ ಆಯ್ದಿಟ್ಟ ಬುಟ್ಟಿಯಲ್ಲಿ ಅರ್ಧಕ್ಕರ್ಧ ಹಸಿ ಹುಳು. ಸುನಂದ ಆವತ್ತು ಅವನ್ನು ಒಂದೊಂದಾಗಿ ಹೆಕ್ಕಿ ಮತ್ತೆ ಸೊಪ್ಪಿಗೆ ಹಾಕಿದಳು. ಜೂನಿನಲ್ಲಿ ಅತ್ತೆ ಬರುವ ಮೊದಲೇ ತಾನೇ ನೋಡಿ, ಹಣ್ಣಾದ ಸಾಲನ್ನು ಮುಂದಕ್ಕಿಟ್ಟು, ಹಸಿಯದನ್ನು ಹಿಂದಕ್ಕಿಟ್ಟಳು. ಅಕ್ಕಯಮ್ಮ ಮುಂದಿನ ಸಾಲು ಮುಟ್ಟಿ ಹೂಂ ಎಂದಳು. ಗೂಡು ಚೆನ್ನಾಗಿ ಬಂತು, ಹೆಸರು ಅತ್ತೆಯದಾಯಿತು, ಇಟಲಿಯೂ ಅತ್ತೆಯದೇ. ಗಂಡನಿಗೂ ಅವಳು ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಸೊಸೆ ಬಾಯಿ ಬಡಿದುಕೊಳ್ಳುತ್ತಾಳೆ ಎಂದಾಗುತ್ತಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲ.

ಆ ವಾರ ತಯಾರಿಯಲ್ಲೇ ಕಳೆಯಿತು. ಅಕ್ಕಯಮ್ಮ ಜೀವನದಲ್ಲಿ ಮೊದಲ ಸಲ ಶೂ ಹಾಕಿ ಅಂಗಳದಲ್ಲಿ ಬೆಳಿಗ್ಗೆ ಹತ್ತು ಸುತ್ತು, ಸಂಜೆ ಹತ್ತು ಸುತ್ತು ನಡೆದಳು. ಕೋಳಿಗಳು ಮೊದಲ ದಿನ ಹೆದರಿ ಆಮೇಲೆ ಸುಮ್ಮನಾದವು. ಚಂದ್ರಮೋಹನ್ ಓಡುವ ಮೆಟ್ಟಿಲಿನ ವಿಡಿಯೋ ತೋರಿಸಿ ಬಲಗಾಲು ಮೊದಲಿಡು ಎಂದು ಕಲಿಸಿದ. ಕೌಂಟರಿನಲ್ಲಿ ಏನು ಕೇಳಿದರೂ ಪಾಸ್‌ಪೋರ್ಟು ಕೊಟ್ಟು ಸುಮ್ಮನೆ ನಿಲ್ಲಬೇಕು, ದುಬೈನಲ್ಲಿ ಇಳಿದು ಮತ್ತೆ ಹತ್ತಬೇಕು, ಗಂಗಾಧರ್ ಸಾರ್ ಪಕ್ಕ ಬಿಡಬಾರದು. ಸೊಂಟದ ಎಲೆ‌ಅಡಿಕೆ ಚೀಲವನ್ನು ಬಿಚ್ಚಿಸಿ ಅಡಕತ್ತರಿ ತೆಗೆಸಿದ, ಸುಣ್ಣದ ಡಬ್ಬಿ ತೆಗೆಸಿದ. ಚೀಲದ ತಳದಲ್ಲಿದ್ದ ಸೀಮೆಸುಣ್ಣದ ತುಂಡನ್ನು ಮಾತ್ರ ಅವಳು ಕೊಡಲಿಲ್ಲ.

"ಅದ್ಯಾಕಮ್ಮ ಅಲ್ಲಿಗೆ?"

"ಇರ್ಲಿ ಬಿಡೋ. ಅದೇನ್ ಬಾಂಬಾ?"

ಬುಧವಾರ ಗಂಗಾಧರ್ ಫೋನು ಮಾಡಿ, ಎಲ್ಲ ಸರಿಯಾಗಿದೆಯಲ್ಲ ಎಂದು ವಿಚಾರಿಸಿದರು. ಮಾತಿನ ನಡುವೆ, "ಅಲ್ಲಿಯವರು ನಿಮಗೆ ಹುಳ ಕೈಗೆ ಕೊಡ್ತಾರಮ್ಮ. ಹಣ್ಣಾಗಿದೆಯಾ ಇಲ್ವಾ ಹೆಂಗೆ ಕಂಡುಹಿಡೀತೀರಿ ಅಂತ ತೋರಿಸ್ಬೇಕು. ಅದನ್ನೇ ನೋಡ್ಬೇಕು ಅಂತ ಕಾಯ್ತಿದ್ದಾರೆ," ಎಂದರು. ಫೋನು ಸ್ಪೀಕರಿನಲ್ಲಿತ್ತು. ಅಕ್ಕಯಮ್ಮ "ಆಗ್ಲಿ ಸಾರ್" ಎಂದಳು. ಆಮೇಲೆ ಆ ದಿನ ಶೂ ಹಾಕಲಿಲ್ಲ. ರಾಗಿಮುದ್ದೆ ಮುರಿದಿಟ್ಟು, ಕೈ ತೊಳೆದು, ಹಸಿವಿಲ್ಲ ಎಂದಳು. ಸುನಂದ ತಟ್ಟೆ ಎತ್ತಿಕೊಂಡಳು. ಮುದುಕಿಯ ಭಯ ಅವಳಿಗೆ ಅರ್ಥವಾಯಿತು, ಸಂಕಟವೂ ಆಯಿತು. ಆದರೂ ತಾನಾಗಿ ಬಾಯಿ ಬಿಡಬಾರದೆಂದು ಅವಳು ಹಟ ಹಿಡಿದಿದ್ದಳು.

ಗುರುವಾರ ಹನ್ನೆರಡಕ್ಕೆ ಕಾರು ಬಂತು. ಸೂಟ್‌ಕೇಸಿಗೆ ಅರಿಸಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಹಿಂದೆ ಏರಿಸಿದ್ದಾಯಿತು. ಚಂದ್ರಮೋಹನ್ ಬಗ್ಗಿ ತಾಯಿಯ ಶೂ ದಾರ ಕಟ್ಟಿದ. ಅಕ್ಕಯಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಕೊರಳಿಗೆ ಇಲಾಖೆಯ ಗುರುತಿನ ಚೀಟಿ ಹಾಕಿಕೊಂಡು, ಸೆಕೆಯಲ್ಲಿ ಸ್ವೆಟರನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

ಹುಳುಮನೆಯಲ್ಲಿ ಆಗಲೇ ಚನ್ನರಾಯಪ್ಪ ಬಂದಿದ್ದ. ಕೂಲಿಗೆ ಬಂದಿದ್ದ ಮುನಿಶಾಮಮ್ಮ ಮತ್ತು ಇನ್ನೈದು ಹೆಂಗಸರು ಬುಟ್ಟಿ ಹಿಡಿದು ಕಾಯುತ್ತಿದ್ದರು. ಅವನು ಒಂದು ಹುಳು ಎತ್ತಿ, ಹಿಂದೆ ಮುಂದೆ ತಿರುಗಿಸಿ, "ಆಯ್ತು. ಇವತ್ತೇ ಬಿಟ್ಬಿಡಿ. ನಾಳೆಗೆ ಇಟ್ರೆ ಕೈತಪ್ಪಿ ಹೋಗ್ತದೆ," ಎಂದ. ಹೆಂಗಸರು ಚಂದ್ರಿಕೆ ಇಳಿಸತೊಡಗಿದರು.

ಸುನಂದ ಮೂರು ಸಾಲು ನೋಡಿದಳು. ಹುಳುಗಳು ಇನ್ನೂ ಸೊಪ್ಪಿಗೆ ಬಾಯಿ ಹಾಕುತ್ತಿದ್ದವು. ನೂರಕ್ಕೆ ಹತ್ತು ಹಣ್ಣಾಗಿರಬಹುದು.

"ಮಾವ, ಇನ್ನೂ ಹಸಿ ಅವೆ. ನಾಳೆ ಮಧ್ಯಾಹ್ನ ಬಿಡೋಣ."

"ನಿಂಗೇನಮ್ಮ ಗೊತ್ತು? ನಿಮ್ಮತ್ತೆ ನಂಗೆ ಹೇಳಿರೋದು." ಬೈಗುಳದ ದನಿಯೇನಲ್ಲ, ಮಕ್ಕಳಿಗೆ ಹೇಳುವ ದನಿ.

"ಮಾವ, ಒಂದ್ಸಲ ಬೆಳಕಿಗೆ ಹಿಡಿದು ನೋಡಿ."

"ಬೆಳಕು ಗಿಳಕು ಎಲ್ಲಾ ನೋಡಿದ್ದಾಯ್ತು. ಮುನಿಶಾಮಮ್ಮ, ನೀನು ಆಯ್ದುಕೊ."

ಮುನಿಶಾಮಮ್ಮ ಇಬ್ಬರ ಮುಖವನ್ನೂ ನೋಡಿ ಬುಟ್ಟಿ ಕೆಳಗಿಟ್ಟಳು. ಅಕ್ಕಯಮ್ಮನಿಲ್ಲದೆ ಯಾರ ಮಾತು ಹಿಡಿಯಬೇಕೋ ಅವಳಿಗೂ ತಿಳಿಯಲಿಲ್ಲ.

ಹೊರಗೆ ಚಂದ್ರಮೋಹನ್, "ಅಮ್ಮ, ಒಂದು ಗಂಟೆ ಆಗ್ತಾ ಬಂತು, ರಾಹುಕಾಲ ಬರ್ತದೆ," ಎಂದು ಕರೆಯುತ್ತಿದ್ದ. ಅಕ್ಕಯಮ್ಮ ಕಾರಿನತ್ತ ಹೋಗಲಿಲ್ಲ. ಹುಳುಮನೆಯ ಹೊಸ್ತಿಲ ಬಳಿ ಕೂತು, ಮಗ ಕಟ್ಟಿದ ದಾರ ಬಿಚ್ಚಿ, ಎರಡೂ ಶೂ ಕಳಚಿಟ್ಟು, ಹುಳುಗಳಿಗೆ ಸೋಂಕು ತಾಗದಿರಲೆಂದು ಅಲ್ಲಿಟ್ಟಿದ್ದ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಬಂದಳು. ಹಸಿರು ಸೀರೆಯ ಅಂಚು ನೆನೆಯಿತು. ಚನ್ನರಾಯಪ್ಪ ಜಾಗ ಬಿಟ್ಟು ಸರಿದ. ಅವಳು ಒಂದು ಹುಳು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಯಾವಾಗಲೂ ಹಿಡಿಯುತ್ತಿದ್ದಷ್ಟೇ ಎತ್ತರಕ್ಕೆ ಹಿಡಿದು, ಯಾವಾಗಲೂ ನೋಡುತ್ತಿದ್ದುದಕ್ಕಿಂತ ಬಹಳ ಹೊತ್ತು ನೋಡಿದಳು. ಹೆಂಗಸರು ಹೂಂ ಅನ್ನುವುದನ್ನೇ ಕಾಯುತ್ತಿದ್ದರು.

ಅಕ್ಕಯಮ್ಮ ಕೈ ಇಳಿಸಿದಳು. ಸುನಂದಳ ಕೈ ಹಿಡಿದೆಳೆದು, ಅಂಗೈ ಬಿಡಿಸಿ, ಹುಳುವನ್ನು ಅದರಲ್ಲಿಟ್ಟಳು.

"ನೀನೇ ನೋಡು ಕಣೇ. ನಂಗೆ ಎರಡು ಬೆಳೆಯಿಂದ ಕಾಣ್ತಿಲ್ಲ."

ಮುನಿಶಾಮಮ್ಮ ತಲೆ ತಗ್ಗಿಸಿದಳು. ಚನ್ನರಾಯಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ.

"ಗೊತ್ತು ಅತ್ತೆ," ಎಂದಳು ಸುನಂದ.

"ಗೊತ್ತಿತ್ತು ಅಂತ ನಂಗೂ ಗೊತ್ತು. ಸಾಲು ಯಾರು ಜೋಡಿಸ್ತಿದ್ರು ಅಂತ ತಿಳಿಯದಷ್ಟು ದಡ್ಡಿ ಅಲ್ಲ ನಾನು. ಈಗ ಹೇಳು, ಹಣ್ಣಾ?"

ಸುನಂದ ಹುಳುವನ್ನು ಬೆಳಕಿಗೆ ಹಿಡಿದಳು. ಅತ್ತೆ ಹುಳುವಿನ ಕಡೆ ನೋಡಲಿಲ್ಲ, ಸೊಸೆಯ ಮುಖವನ್ನು ನೋಡುತ್ತಿದ್ದಳು.

"ಇಲ್ಲ ಅತ್ತೆ. ನಾಳೆ ಮಧ್ಯಾಹ್ನ."

"ಕೇಳಿಸ್ತಲ್ಲ? ನಾಳೆ ಮಧ್ಯಾಹ್ನ," ಎಂದು ಅಕ್ಕಯಮ್ಮ ಹೆಂಗಸರತ್ತ ತಿರುಗಿದಳು. "ಈಗ ಸೊಪ್ಪು ಹಾಕಿ. ಭಾವ, ನೀವು ಒಂದು ಲೋಟ ಮಜ್ಜಿಗೆ ಕುಡ್ದು ಹೋಗಿ." ಹೊಸ್ತಿಲು ದಾಟುವಾಗ ನಿಂತು, ಸೊಸೆಗೆ ಮಾತ್ರ ಕೇಳುವಂತೆ, "ಅಲ್ಲಿ ಹುಳ ಕೈಗೆ ಕೊಟ್ಟಾಗ ವಿಡಿಯೋ ಕಾಲ್ ಮಾಡಿಸ್ತೀನಿ. ಎತ್ತು," ಎಂದಳು.

ಒಂದೂ ಕಾಲಿಗೆ ಕಾರು ಹೊರಟಿತು. ಕಿಟಕಿಯಲ್ಲಿ ಸ್ವಲ್ಪ ದೂರದವರೆಗೆ ಹಸಿರು ಸೀರೆ ಕಂಡಿತು. ಹೆಂಗಸರು ಸೊಪ್ಪು ತರಲು ತೋಟಕ್ಕಿಳಿದರು.

ಸುನಂದ ಹುಳುವನ್ನು ಅದರ ಸಾಲಿಗೆ ಬಿಟ್ಟು ಬಾಗಿಲಿಗೆ ಬಂದಳು. ಶೂ ಇದ್ದ ಜಾಗದಲ್ಲಿ, ಹೊಸ್ತಿಲ ಮೂಲೆಗೆ ನೀರು ತಾಗದಂತೆ, ಅತ್ತೆಯ ಚೀಲದ ಸೀಮೆಸುಣ್ಣದ ತುಂಡು ಇತ್ತು. ಗೋಡೆಯ ಮೇಲೆ ಹದಿನಾರು ಗೆರೆಗಳಿದ್ದವು, ಕೊನೆಯ ನಾಲ್ಕೈದು ಒಂದಕ್ಕೊಂದು ಹೆಣೆದುಕೊಂಡಿದ್ದವು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಅವುಗಳಿಂದ ಒಂದು ಬೆರಳು ಜಾಗ ಬಿಟ್ಟು, ಆ ದಿನದ ಗೆರೆ ಎಳೆದಳು.