ಅಪ್ಪನ ಕಾಲು, ಹಲಗೆಯ ಲೆಕ್ಕ

ಅಪ್ಪನ ಬಲಪಾದದ ಮೇಲೆ ಕುದಿಯುವ ನೀರಿನ ಪಾತ್ರೆ ಮಗುಚಿದಾಗಿನಿಂದ ದಿನಕ್ಕೊಮ್ಮೆ ನರ್ಸ್ ಮನೆಗೆ ಬರುತ್ತಿದ್ದರು. ಹಳೆಯ ಪಟ್ಟಿ ಬಿಚ್ಚಿ, ಸತ್ತ ಚರ್ಮ ಕೆರೆದು ತೆಗೆದು, ಹೊಸ ಪಟ್ಟಿ ಕಟ್ಟುವ ಆ ಅರ್ಧ ಗಂಟೆ ಕಾಲು ಹಿಡಿದುಕೊಳ್ಳುವುದು ನನ್ನ ಪಾಲಿನ ಕೆಲಸ. ನೋವಿನ ಮಾತ್ರೆ ಅಪ್ಪನ ಹೊಟ್ಟೆಗೆ ಆಗಿಬರುತ್ತಿರಲಿಲ್ಲ, ಅರ್ಧಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ.

ಅಪ್ಪ ಬಡಗಿ. ನಲವತ್ತು ವರ್ಷ ಜನರ ಮನೆಗೆ ಮರದ ನೆಲ ಹಾಸಿದವರು. ಪೆನ್ಸಿಲ್ ಮುಟ್ಟದೆ, ಕೋಣೆಯ ಅಳತೆ ಕೇಳಿಯೇ ಇಷ್ಟು ಹಲಗೆ ಬೇಕು ಎನ್ನುತ್ತಿದ್ದರು. ಎರಡನೆಯ ದಿನ ನನಗೊಂದು ಉಪಾಯ ಹೊಳೆಯಿತು. ನರ್ಸ್ ಚಿಮುಟ ಎತ್ತಿಕೊಂಡೊಡನೆ ಲೆಕ್ಕ ಹಾಕಲು ನಾನೊಂದು ಕೋಣೆ ಕೊಡುತ್ತಿದ್ದೆ. ಹದಿನಾಲ್ಕು ಅಡಿ ಅಗಲ, ಐದಿಂಚಿನ ಹಲಗೆ. ಅಪ್ಪ ಕಣ್ಣು ಮುಚ್ಚಿ ಆ ಕೋಣೆಯೊಳಗೆ ಹೋಗಿಬಿಡುತ್ತಿದ್ದರು. ಮೂವತ್ತನಾಲ್ಕು, ಕೊನೆಯದನ್ನು ಸೀಳಬೇಕು ಎನ್ನುವಷ್ಟರಲ್ಲಿ ಅರ್ಧ ಗಾಯ ಸ್ವಚ್ಛವಾಗಿರುತ್ತಿತ್ತು. ಕೋಣೆ ಸುಲಭದ್ದಾದರೆ ನೋವು ಜಾಸ್ತಿ. ಮೂಲೆ ಸೊಟ್ಟಗಿದ್ದು ನಡುವೆ ಕಂಬವಿದ್ದರೆ ಕಡಿಮೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹತ್ತು ದಿನ ಹೀಗೆ ನಡೆಯಿತು. ಆಮೇಲೆ ನರ್ಸ್ ಬೆಳಗಿನ ಪಾಳಿ ಬಿಟ್ಟು ಸಂಜೆ ಬರತೊಡಗಿದರು. ಅಂದಿನಿಂದ ಲೆಕ್ಕ ಕೆಟ್ಟಿತು. ಅಪ್ಪ ಗುಣಾಕಾರದ ನಡುವೆಯೇ ನಿಂತುಬಿಡುತ್ತಿದ್ದರು, ಕಾಲು ತಾನಾಗಿ ಎಳೆದುಕೊಳ್ಳುತ್ತಿತ್ತು. ನಾಲ್ಕು ಸಂಜೆ ಗಾಯ ಅರೆಬರೆ ತೊಳೆದದ್ದೇ ಆಯಿತು. ಐದನೆಯ ಸಂಜೆ ನರ್ಸ್ ನನ್ನನ್ನು ಬಾಗಿಲಾಚೆ ಕರೆದು, ಅಂಚು ಕೊಳೆಯುತ್ತಿದೆ, ನಾಳೆ ಪೂರ್ತಿ ಸ್ವಚ್ಛವಾಗದಿದ್ದರೆ ಆಸ್ಪತ್ರೆಗೆ ಸೇರಿಸಬೇಕು, ಎರಡು ಬೆರಳಂತೂ ಹೋದಂತೆಯೇ ಎಂದರು.

ನಾನೋ ಜಾಣೆ. ಮರುದಿನ ಕಚೇರಿಯಲ್ಲಿ ಕೂತು ಎಂಟು ಮೂಲೆಯ ಕೋಣೆಯೊಂದನ್ನು ಬರೆದಿಟ್ಟುಕೊಂಡೆ.

ನನ್ನ ಕಚೇರಿಯೆಂದರೆ ನೀರು ಸರಬರಾಜಿನ ದೂರು ವಿಭಾಗ. ಎಂಟು ಗಂಟೆ ಫೋನಿನಲ್ಲಿ ಬೈಸಿಕೊಂಡು, ಸಿಟ್ಟು ನುಂಗಿ, ನೋಡ್ತೀವಿ ಸರ್ ಎನ್ನುವುದೇ ಕೆಲಸ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಸಂಜೆಯವರೆಗೆ ಹಿಡಿದಿಡುವುದರಲ್ಲಿ ಜೀವ ಹಣ್ಣಾಗುತ್ತದೆ. ಅಂದು ಹೊರಡುವಾಗ ಮೇಜಿನ ಡ್ರಾಯರಿಗೆ ಬೆರಳು ಸಿಕ್ಕಿತು. ಬೆಳಿಗ್ಗೆಯೂ ಸಿಕ್ಕಿತ್ತು, ಆಗ ಕೈ ಒದರಿ ಸುಮ್ಮನಾಗಿದ್ದೆ. ಈಗ ಜೀವವೇ ಹೋದಂತಾಗಿ ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟೆ. ಡ್ರಾಯರು ಅದೇ, ಬೆರಳೂ ಅದೇ. ತಡೆದುಕೊಳ್ಳುವ ಶಕ್ತಿಯೆಲ್ಲ ಫೋನಿಗೆ ಖರ್ಚಾಗಿತ್ತು.

ಬಸ್ಸಿನಲ್ಲಿ ಅಪ್ಪನ ದಿನ ಕಣ್ಣಮುಂದೆ ಬಂತು. ಬೆಳಗಿನಿಂದ ಒಬ್ಬರೇ ಹಾಸಿಗೆಯಲ್ಲಿ, ಕಾಲಿಗೆ ನವೆಯಾದರೂ ಕೆರೆಯದೆ, ಸಿಗರೇಟು ಮುಟ್ಟದೆ ಇರುತ್ತಿದ್ದರು. ಎಲ್ಲ ನಾನು ಹಾಕಿದ ಕಟ್ಟಪ್ಪಣೆ. ಸಂಜೆಗೆ ಅವರಲ್ಲಿ ತಡೆದುಕೊಳ್ಳುವ ಶಕ್ತಿ ಉಳಿಯುತ್ತಿದ್ದದ್ದೇ ಒಂದಿಷ್ಟು. ಅದನ್ನೂ ಲೆಕ್ಕಕ್ಕೆ ಹಿಂಡಿಕೊಳ್ಳಲು ನಾನು ಹೊರಟಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನರ್ಸ್ ಪಟ್ಟಿ ಬಿಚ್ಚಿದರು. ಅಪ್ಪ ಹಲ್ಲು ಕಚ್ಚಿಕೊಂಡು ಕೋಣೆ ಕೊಡು ಎಂದರು.

"ಇವತ್ತು ಕೋಣೆ ಇಲ್ಲಪ್ಪ. ನೋವಾದ್ರೆ ಕೂಗಿಬಿಡಿ."

"ಕೂಗ್ಬೇಡಿ ಅಂತ ನೀನೇ ಹೇಳಿದ್ಯಲ್ಲ."

ಮೊದಲ ದಿನ ಅವರು ಚೀರಿದಾಗ ನಾನು ಹೆದರಿ, ಮಗುವಿನ ಥರ ಆಡಬೇಡಿ, ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೆ ಎಂದು ಗದರಿದ್ದೆ. ನನಗದು ಮರೆತೇ ಹೋಗಿತ್ತು. ಅಪ್ಪ ಅಂದಿನಿಂದ ನೋವೆಂದು ತುಟಿಪಿಟಕ್ಕೆಂದಿರಲಿಲ್ಲ.

"ತಪ್ಪಾಯ್ತು," ಎಂದೆ.

ಅಪ್ಪ ಕೂಗಿದರು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು, ತೆರೆದುಕೊಳ್ಳಲಿ. ಎಂದೋ ಸತ್ತ ತಮ್ಮ ತಾಯಿಯನ್ನು ಕರೆದರು, ನರ್ಸಿಗೆ ಬೈದರು, ನನಗೆ ಇನ್ನೂ ಚೆನ್ನಾಗಿ ಬೈದರು. ಕಾಲು ಮಾತ್ರ ನನ್ನ ಕೈಯಲ್ಲಿ ಅಲುಗಲಿಲ್ಲ. ನರ್ಸ್ ಅಂಚಿನವರೆಗೂ ಕೆರೆದು ತೊಳೆದರು. ಕೆಳಗೆ ಕೆಂಪಗೆ ಹಸಿ ಮಾಂಸ ಕಂಡಮೇಲೆ, ಬೆರಳು ಉಳಿಯುತ್ತವೆ ಎಂದರು.

ಅಪ್ಪ ಬೆವರಿನಲ್ಲಿ ತೊಯ್ದು ದಿಂಬಿಗೆ ಒರಗಿದರು. ನಾನು ಕಾಲು ಬಿಟ್ಟಿರಲಿಲ್ಲ.

"ಸುಮ್ನಿದ್ದೂ ಸುಮ್ನಿದ್ದೂ ಸುಸ್ತಾಗಿ ಹೋಗಿತ್ತು ಕಣಮ್ಮ," ಎಂದರು.