ತೆರೆಯ ಮೇಲೆ ತಾತನ ಸಿಳ್ಳೆ

ನಮ್ಮೂರಿನ ಸುದ್ದಿಯೆಲ್ಲ ಮೊದಲು ಬಂದು ಬೀಳೋದು ನನ್ನ ಹಿಟ್ಟಿನ ಗಿರಣಿಯಲ್ಲೇ. ಆ ದಿನ ಬೆಳಿಗ್ಗೆ ರೊಟ್ಟಿಗೆಂದು ನೆನೆಸಿದ ಮೆಕ್ಕೆಜೋಳದ ಬಕೆಟ್ ಹಿಡಿದು ಒತಿಲಿಯಾ ಬಂದಳು. ವಹಾಕಾ ನಗರದಲ್ಲಿ ಭಾಷಾಶಾಸ್ತ್ರ ಓದುವ ಹುಡುಗಿ. ಮುಖ ಬಾಡಿಹೋಗಿತ್ತು.

"ಏನಮ್ಮಾ, ಓದು ಹೇಗೆ ನಡೀತಿದೆ?" ಅಂದೆ.

"ಬಿಟ್ಟುಬಿಟ್ಟೆ ಅತ್ತೆ. ಯಾವ ವಿಷಯ ಓದಿದ್ರೂ ಕಂಪ್ಯೂಟರ್ ಕಲೀಲೇಬೇಕಂತೆ. ಸೋಮವಾರ ಹೆಸರು ಕೊಡದಿದ್ರೆ ಮುಂದಿನ ವರ್ಷಕ್ಕೆ ಬಿಡಲ್ವಂತೆ. ಆ ಪೆಟ್ಟಿಗೆ ಕಂಡ್ರೇ ನನಗೆ ಹೆದರಿಕೆ."

ಅವಳ ತಾತ ಫಿದೆನ್ಸಿಯೊ ಬಾಗಿಲಲ್ಲೇ ಕೂತಿದ್ದರು. "ಬಿಟ್ಟಿದ್ದೇ ಒಳ್ಳೇದಾಯ್ತು. ಮಾತಿನ ಬಗ್ಗೆ ಓದೋಳಿಗೆ ಕಂಪ್ಯೂಟರ್ ಯಾಕೆ? ಅದೇನು ನಮ್ಮ ಮಾತು ಆಡುತ್ತಾ?"

ಸರದಿಯಲ್ಲಿ ನಿಂತಿದ್ದ ರುಫಿನಾ ಕಿಸಕ್ಕನೆ ನಕ್ಕಳು. ಅದೇ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಓದುವವಳು, ಆ ಪಾಠವನ್ನು ಹೋದ ವರ್ಷವೇ ಮುಗಿಸಿದ್ದಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ನಾನೇನು ಹುಟ್ಟುತ್ತಲೇ ಕಲಿತಿದ್ನಾ? ಮೊದಲ ವಾರ ಅತ್ತೇಬಿಟ್ಟಿದ್ದೆ ಕಣೇ. ಅಲ್ಲಿ ಎಲ್ಲರಿಗೂ ಒಂದೇ ಪಾಠ ಅರೆದು ಕುಡಿಸಲ್ಲ. ನಮಗೆ ಎದೆಬಡಿತವನ್ನ ಕಂಪ್ಯೂಟರಲ್ಲಿ ಗೆರೆಯಾಗಿ ಮೂಡಿಸೋ ಕೆಲಸ ಕೊಟ್ಟರು, ಬೇಸಾಯ ಓದೋರಿಗೆ ಮಳೆ ಲೆಕ್ಕ. ನೀನು ನಿನ್ನದನ್ನ ತಗೊಂಡು ಹೋಗು."

"ನನ್ನದು ಸಿಳ್ಳೆಮಾತು. ಅದನ್ನ ಹೇಗೆ ತಗೊಂಡು ಹೋಗಲಿ? ನಾನು ಹೆಂಗಸು, ಹಾಕಿ ತೋರಿಸೋ ಹಾಗೂ ಇಲ್ಲ."

ಅದೂ ನಿಜ. ನಮ್ಮಲ್ಲಿ ಗಂಡಸರು ಈ ಗುಡ್ಡದಿಂದ ಆ ಗುಡ್ಡಕ್ಕೆ ಸಿಳ್ಳೆಯಲ್ಲೇ ಮಾತಾಡುತ್ತಾರೆ. ಹೆಂಗಸರಿಗೆ ಒಂದೊಂದು ಮಾತೂ ಅರ್ಥವಾಗುತ್ತದೆ, ಆದರೆ ನಾವು ಸಿಳ್ಳೆ ಹಾಕುವುದಿಲ್ಲ. ಫೋನ್ ಬಂದ ಮೇಲೆ ಹುಡುಗರಿಗೂ ಬರುವುದಿಲ್ಲ. ಬಲ್ಲವರೆಂದರೆ ಬೆರಳೆಣಿಕೆಯ ಮುದುಕರು, ನಡುವಯಸ್ಸಿನ ಒಬ್ಬಿಬ್ಬರು.

ರುಫಿನಾ ಮನೆಗೆ ಓಡಿ ಲ್ಯಾಪ್‌ಟಾಪ್ ತಂದಳು. ಸದ್ದಾಗದಿರಲಿ ಅಂತ ನಾನು ಗಿರಣಿ ನಿಲ್ಲಿಸಿದೆ.

"ತಾತ, ಒಂದು ಮಾತು ಬಾಯಲ್ಲಿ ಹೇಳಿ. ಆಮೇಲೆ ಅದನ್ನೇ ಸಿಳ್ಳೇಲಿ ಹಾಕಿ" ಅಂದಳು ರುಫಿನಾ, ದನಿ ಹಿಡಿಯುವ ಗುಂಡಿ ಒತ್ತಿ.

"ಜೋಳದ ಹೊಲಕ್ಕೆ ದನ ನುಗ್ಗಿದೆ" ಅಂದರು ತಾತ, ಗೇಲಿ ಮಾಡುತ್ತಲೇ. ಆಮೇಲೆ ಅದನ್ನೇ ಜೋರಾಗಿ ಸಿಳ್ಳೆ ಹಾಕಿದರು.

ತೆರೆಯ ಮೇಲೆ ಎರಡು ಗೆರೆ ಮೂಡಿದವು. ದನಿಯ ಗೆರೆ ಏರಿದ ಕಡೆ ಸಿಳ್ಳೆಯ ಗೆರೆಯೂ ಏರಿತ್ತು, ಇಳಿದ ಕಡೆ ಇಳಿದಿತ್ತು, ಥೇಟ್ ನಮ್ಮ ಬೆಟ್ಟಸಾಲಿನ ಹಾಗೆ. ನನಗಂತೂ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ಕಿವಿಯಲ್ಲಿ ಕೇಳಿದ್ದನ್ನು ಈಗ ಕಣ್ಣಲ್ಲಿ ನೋಡುತ್ತಿದ್ದೆವು!

ಅಷ್ಟರಲ್ಲಿ ಎದುರು ಗುಡ್ಡದಿಂದ ಗಾಬರಿಯ ಸಿಳ್ಳೆ ಬಂತು. ಟ್ರಕ್ ಓಡಿಸುವ ನಿಕಾಂದ್ರೊ! ನಿಜವಾಗಿ ದನ ನುಗ್ಗಿದೆ ಅಂದುಕೊಂಡಿದ್ದ, ಪಾಪ. ಆ ಸಿಳ್ಳೆಯೂ ಗೆರೆಯಾಗಿ ಮೂಡಿತು.

"ನೋಡು, ಕಂಪ್ಯೂಟರ್ ಗೆರೆ ಎಳೀತು. ಅರ್ಥ ಮಾತ್ರ ಅದಕ್ಕೆ ಗೊತ್ತಿಲ್ಲ. ಅದಕ್ಕೆ ನೀನೇ ಬೇಕು" ಅಂದಳು ರುಫಿನಾ.

ಒತಿಲಿಯಾ ಹತ್ತಿರ ಬಂದು ಗೆರೆಯ ಮೇಲೆ ಬೆರಳು ಓಡಿಸಿದಳು. "'ಯಾರ ಹೊಲ? ಯಾರ ದನ?' ಅಂತಿದ್ದಾನೆ. ಇಲ್ಲಿ ನೋಡು, ಎರಡು ಸಲ ಒಂದೇ ಥರ ಏರಿದೆ. ಇದೇ 'ಯಾರ' ಅನ್ನೋದು! ಅಯ್ಯೋ ದೇವರೇ, ಇದನ್ನ ಸಿಳ್ಳೆ ಹಾಕದೇನೇ ಯಾರಿಗೆ ಬೇಕಾದ್ರೂ ತೋರಿಸಬಹುದು!"

ತಾತ ಬಾಗಿ ತೆರೆಯನ್ನೇ ನೋಡಿದರು. "ನಾನು ಹೋದ ಮೇಲೂ ಇದು ಇರುತ್ತಾ?"

"ಇರುತ್ತೆ ತಾತ. ಆದ್ರೆ ಇದನ್ನ ಓದೋಕೆ ಬರೋರು ಇರಬೇಕಲ್ಲ" ಅಂದಳು ರುಫಿನಾ.

ತಾತ ಎದ್ದು ಅಂಗಳಕ್ಕೆ ಹೋಗಿ ನಿಕಾಂದ್ರೊಗೆ ಸಿಳ್ಳೆ ಹಾಕಿದರು: "ದನ ಇಲ್ಲ, ಏನೂ ಇಲ್ಲ. ಸೋಮವಾರ ನಸುಕಿಗೆ ಟ್ರಕ್ಕಿನಲ್ಲಿ ಒಂದು ಸೀಟು ಇಡು. ನನ್ನ ಮೊಮ್ಮಗಳು ಓದೋಕೆ ಹೋಗ್ತಾಳೆ." ಊರಿಗೆ ಊರೇ ಕೇಳಿಸಿಕೊಂಡಿತು. ಒತಿಲಿಯಾ ಅಳುತ್ತಲೇ ನಗುತ್ತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳು ಸಾಹಿತ್ಯ ಓದಲಿ, ಕಾನೂನು ಓದಲಿ, ನರ್ಸಿಂಗ್ ಓದಲಿ, ಕಂಪ್ಯೂಟರ್ ಪಾಠ ತಪ್ಪಿಸಲು ಬಿಡಬೇಡಿ. ಹೆದರಿದರೆ ಬೈಯಬೇಡಿ, ಕಲಿತವರ ಪಕ್ಕ ಕೂರಿಸಿ. ಬೇರೆ ಯಾರಿಗೂ ಬಾರದ ವಿದ್ಯೆ ಬಲ್ಲ ಹಿರಿಯರು ನಿಮ್ಮ ಮನೆಯಲ್ಲೂ ಇರುತ್ತಾರೆ. ಅವರು ಇರುವಾಗಲೇ ಮಕ್ಕಳು ಕಲಿತುಕೊಳ್ಳಲಿ.